ಪಿಸುಮಾತಕ್ಕನ ಹೊಸ ಕೆಲಸ

ರಂಗಮಂದಿರದ ವೇದಿಕೆಯ ಮುಂಭಾಗದಲ್ಲಿ, ಹಲಗೆಗಳ ಮಟ್ಟಕ್ಕಿಂತ ತುಸು ಕೆಳಗೆ, ಒಬ್ಬರು ಕೂತರೆ ಅವರ ಮೊಣಕಾಲಿಗೇ ಬೇರೆ ಜಾಗ ಹುಡುಕಬೇಕಾದಂಥ ಒಂದು ಗೂಡಿತ್ತು. ಆ ಗೂಡಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು ಪಿಸುಮಾತಕ್ಕ. ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವುದು ಅವಳ ಕೆಲಸ. ಮೊದಲ ಸಾಲಿನ ಪ್ರೇಕ್ಷಕರಿಗೆ ಕೇಳಬಾರದು, ವೇದಿಕೆಯ ಆ ಕೊನೆಯಲ್ಲಿ ಬೆವರುತ್ತಿರುವವನಿಗೆ ಕೇಳಲೇಬೇಕು. ಅಂಥದೊಂದು ದನಿಯನ್ನು ಅವಳು ವರ್ಷಗಟ್ಟಲೆ ಪಳಗಿಸಿಕೊಂಡಿದ್ದಳು.

ಗೂಡಿನಿಂದ ಕಾಣುತ್ತಿದ್ದುದು ಹೆಚ್ಚಾಗಿ ಕಾಲುಗಳು. ರಾಜನ ಬೂಟಿನ ಅಟ್ಟೆ ಬಾಯಿ ಬಿಟ್ಟಿರುವುದು, ರಾಣಿ ಎಡಗಾಲಿಗೆ ಕಪ್ಪು ಬಲಗಾಲಿಗೆ ಕಂದು ಕಾಲುಚೀಲ ಏರಿಸಿಕೊಂಡು ಬಂದಿರುವುದು ಅವಳೊಬ್ಬಳಿಗೇ ಗೊತ್ತು. ಯಾರಿಗೆ ಮಾತು ಮರೆಯಲಿದೆ ಎಂಬುದೂ ಅವಳಿಗೆ ಕಾಲಿನಿಂದಲೇ ತಿಳಿಯುತ್ತಿತ್ತು. ಮರೆಯುವ ಮುನ್ನ ನಟನ ಹಿಮ್ಮಡಿ ಕೂದಲೆಳೆಯಷ್ಟು ಮೇಲೇಳುತ್ತದೆ. ಅದು ಮತ್ತೆ ನೆಲ ಮುಟ್ಟುವಷ್ಟರಲ್ಲಿ ಮಾತು ಅವನ ಕಿವಿಯಲ್ಲಿರುತ್ತಿತ್ತು.

ಇನ್ನೊಂದು ಚಟವೂ ಅವಳಿಗಿತ್ತು. ಪ್ರತಿ ತಪ್ಪನ್ನೂ ಅವಳು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದಳು: ಯಾವ ದಿನ, ಯಾವ ನಾಟಕ, ಯಾರು, ಯಾವ ಪದ, ಎಷ್ಟು ಹೊತ್ತು ತಡವರಿಸಿದರು. ಬರೆ ಎಂದು ಯಾರೂ ಹೇಳಿರಲಿಲ್ಲ. ಗಣಿತದಲ್ಲಿ ಪದವಿ ಮುಗಿಸಿ ನಾಟಕದ ಹುಚ್ಚಿಗೆ ಬಿದ್ದು ಬಂದವಳು, ಕೈ ಸುಮ್ಮನಿರುತ್ತಿರಲಿಲ್ಲ. ಹೀಗೆ ಹನ್ನೊಂದು ಪುಸ್ತಕ ತುಂಬಿದ್ದವು.

ಒಂದು ಸೋಮವಾರ ರಂಗಮಂದಿರದ ಮ್ಯಾನೇಜರು ಅವಳನ್ನು ಕರೆಸಿ, ಕುರ್ಚಿ ತೋರಿಸಿ, ತಾನೇ ಎದ್ದು ಫ್ಯಾನು ಹಾಕಿದ. ಇಷ್ಟೆಲ್ಲ ಉಪಚಾರ ನಡೆದಾಗಲೇ ಸುದ್ದಿ ಒಳ್ಳೆಯದಲ್ಲವೆಂದು ಅವಳಿಗೆ ಗೊತ್ತಾಯಿತು.

"ಅಕ್ಕ, ಕಾಲ ಬದಲಾಗಿದೆ. ಇನ್ಮೇಲೆ ಎಲ್ಲ ನಟರ ಕಿವಿಗೂ ಒಂದೊಂದು ಗುಂಡಿ. ಕಂಪ್ಯೂಟರೇ ನಾಟಕ ಕೇಳಿಸ್ಕೊಂಡು ಮಾತು ಎತ್ತಿಕೊಡುತ್ತೆ."

"ಹಿಮ್ಮಡಿ ನೋಡುತ್ತಾ?"

"ಏನಂದ್ರಿ?"

"ಏನಿಲ್ಲ ಬಿಡಿ."

"ನಿಮ್ಮನ್ನ ಬೀದಿಗೆ ಬಿಡಲ್ಲ. ಕೋಟು, ಕೊಡೆ ಇಟ್ಕೊಳೋ ಕೌಂಟರ್‌ನಲ್ಲಿ ಜಾಗ ಇದೆ. ಅಲ್ಲಿ ಕಿಟಕೀನೂ ಇದೆ," ಎಂದ ಮ್ಯಾನೇಜರು, ಅರಮನೆಯ ಬೀಗದ ಕೈ ಕೊಡುವವನಂತೆ.

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತವನು ಅವಳ ಗಂಡ. ಅದೇ ರಂಗಮಂದಿರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಖಳನಾಯಕನ ಪಾತ್ರ ಮಾಡುತ್ತಿದ್ದ ನಟ ಅವನು. ಅವನು ಗಂಟಲು ಸರಿಪಡಿಸಿಕೊಂಡರೂ ಪಕ್ಕದ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು, ಅಂಥ ಕಂಠ. ನೆನಪು ಮಾತ್ರ ತೂತು ಬಿದ್ದ ಜೇಬು. ಇವಳನ್ನು ಮದುವೆಯಾಗೆಂದು ಕೇಳಿದ ದಿನವೂ "ನಾನು ನಿನ್ನನ್ನು..." ಎಂದು ನಿಂತುಬಿಟ್ಟಿದ್ದ. "ಪ್ರೀತಿಸುತ್ತೇನೆ," ಎಂದು ಇವಳು ಪಿಸುಗುಟ್ಟಿದ ಮೇಲೆಯೇ ವಾಕ್ಯ ಮುಗಿದದ್ದು. ಹಾಗಾಗಿ ಮೊದಲು ಹೇಳಿದವರು ಯಾರು ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ವಾದವಿದೆ.

"ನೀನಿಲ್ದೆ ನಾನು ಹೇಗೆ..." ಎಂದು ಅವನು ನಿಲ್ಲಿಸಿದ.

"ನಟಿಸಲಿ," ಎಂದಳು ಅವಳು, ಅಭ್ಯಾಸಬಲದಿಂದ.

"ನಟಿಸಲಿ!" ಎಂದು ಅವನು ಗೋಳಾಡಿದ.

"ಅಳೋದು ನಿಲ್ಸಿ ಅಳಿಯಂದಿರೇ. ಕೆಲಸ ಹೋಗಿರೋದು ಅವಳದು," ಎಂದಳು ಅಮ್ಮ.

ಅಮ್ಮ ಅವರ ಜೊತೆಯಲ್ಲೇ ಇದ್ದಳು. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ಎಪ್ಪತ್ತೊಂದನೆಯ ವಯಸ್ಸಿನಲ್ಲೂ ತರಕಾರಿಯವನ ಲೆಕ್ಕವನ್ನು ಅವನು ಬಾಯಿ ತೆರೆಯುವ ಮೊದಲೇ ಮುಗಿಸುತ್ತಿದ್ದಳು. ಮಗಳು ಲೆಕ್ಕ ಬಿಟ್ಟು ನಾಟಕಕ್ಕೆ ಹೋದದ್ದನ್ನು ಅವಳು ಒಂದು ದಿನಕ್ಕೂ ಮರೆತಿರಲಿಲ್ಲ. "ಸೊನ್ನೆಯಿಂದ ಭಾಗಿಸಬೇಡ ಅಂತ ಬಡ್ಕೊಂಡೆ, ನೀನು ನಾಟಕದವನನ್ನ ಕಟ್ಕೊಂಡೆ," ಎಂಬ ಮಾತನ್ನು ಅಳಿಯನ ಎದುರಿಗೇ, ಯಾವ ದ್ವೇಷವೂ ಇಲ್ಲದೆ, ಪ್ರಮೇಯವೊಂದನ್ನು ಹೇಳುವ ಹಾಗೆ ಹೇಳುತ್ತಿದ್ದಳು.

"ಈಗ ಲೆಕ್ಕಕ್ಕೆ ವಾಪಸ್ ಬಾ," ಎಂದಳು.

"ನಂಗೀಗ ನಲವತ್ಮೂರು, ಅಮ್ಮ."

"ಒಳ್ಳೇದಾಯ್ತು. ಅವಿಭಾಜ್ಯ ಸಂಖ್ಯೆ."

ಆ ಊರಿನಲ್ಲಿ ಗಣಿತ ಬಲ್ಲವರಿಗೆ ಬಾಗಿಲು ತೆರೆಯುತ್ತಿದ್ದುದು ಎರಡೇ ಕಡೆ. ಒಂದು ಶಾಲೆ, ಇನ್ನೊಂದು ಲೆಕ್ಕದ ಮಾದರಿ ಕಟ್ಟಿ ಅದು ಹೇಳಿದ ಹಾಗೆ ಷೇರುಪೇಟೆಯಲ್ಲಿ ಹಣ ಹೂಡುವ ಕಂಪನಿಗಳು. ಶಾಲೆ ಬೇಡವೆಂದು ಅಮ್ಮನೇ ತೀರ್ಮಾನಿಸಿದಳು. "ಮಕ್ಕಳಿಗಿಂತ ಷೇರುಪೇಟೆ ವಾಸಿ. ಅದು ತಪ್ಪು ಮಾಡಿದ್ಮೇಲೆ ಅಪ್ಪನ್ನ ಕರ್ಕೊಂಡು ಜಗಳಕ್ಕೆ ಬರಲ್ಲ."

ಹದಿನಾಲ್ಕು ತಿಂಗಳ ಒಂದು ಕೋರ್ಸಿಗೆ ಪಿಸುಮಾತಕ್ಕ ಸೇರಿದಳು. ತರಗತಿಯಲ್ಲಿ ಎಲ್ಲರಿಗೂ ಇಪ್ಪತ್ತಮೂರು, ಇಪ್ಪತ್ನಾಲ್ಕು ವಯಸ್ಸು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನವರು ಪಾಠ ಮಾಡುವವರು ಬಂದರೆಂದು ಎದ್ದು ನಿಂತರು. ಅವಳು ಹೋಗಿ ಅವರ ಪಕ್ಕದಲ್ಲೇ ಕೂತಾಗ ಅವರಿಗೆ ಕೂರುವುದೋ ಬಿಡುವುದೋ ತಿಳಿಯಲಿಲ್ಲ. ಮನೆಯಲ್ಲಿ ಅಡುಗೆಮನೆಯ ಮೇಜೇ ಶಾಲೆ. ಅಮ್ಮ ಮರದ ಸೌಟು ಹಿಡಿದು ಸಂಭವನೀಯತೆ ಕಲಿಸುತ್ತಿದ್ದಳು. ತಪ್ಪಿದರೆ ಸೌಟು ಮೇಜಿಗೆ ಬೀಳುತ್ತಿತ್ತು. ಆ ಸದ್ದಿಗೆ ಒಳಗೆ ಮಾತು ಬಾಯಿಪಾಠ ಮಾಡುತ್ತಿದ್ದ ಅಳಿಯ ಒಂದು ಪುಟ ಹಿಂದಕ್ಕೆ ಹೋಗುತ್ತಿದ್ದ.

ಕೋರ್ಸಿನ ಕೊನೆಗೆ ಏನಾದರೂ ಅಂಕಿ-ಅಂಶ ಹಿಡಿದು ಒಂದು ವರದಿ ಬರೆಯಬೇಕಿತ್ತು. ಉಳಿದವರು ಚಿನ್ನದ ಬೆಲೆ, ತೈಲದ ಬೆಲೆ ಎಂದು ಹೊರಟರು. ಪಿಸುಮಾತಕ್ಕ ತನ್ನ ಹನ್ನೊಂದು ಪುಸ್ತಕಗಳನ್ನು ಕಂಪ್ಯೂಟರಿಗೆ ಹತ್ತಿಸಿದಳು. ಒಟ್ಟು ಆರು ಸಾವಿರದ ನಾನೂರ ಹನ್ನೆರಡು ತಪ್ಪುಗಳು. ಕಷ್ಟದ ಮಾತುಗಳಲ್ಲಿ ನಟರು ಅಷ್ಟಾಗಿ ತಪ್ಪುವುದಿಲ್ಲ. ಚಪ್ಪಾಳೆ ಬಿದ್ದ ತಕ್ಷಣ ಬರುವ ಮಾತಿನಲ್ಲಿ, ಅದು "ಬಾಗಿಲು ಹಾಕು" ಎಂಬಷ್ಟು ಸರಳವಾಗಿದ್ದರೂ, ಎಡವಿ ಬೀಳುತ್ತಾರೆ ಎಂಬುದು ಲೆಕ್ಕದಿಂದ ಹೊರಬಿತ್ತು. ಒಟ್ಟು ತಪ್ಪಿನಲ್ಲಿ ಸಾವಿರದ ಒಂಬೈನೂರ ಎಂಟು ಒಬ್ಬನೇ ನಟನದು ಎಂಬುದೂ ಹೊರಬಿತ್ತು.

"ನೀನು ಹತ್ತೊಂಬತ್ತು ವರ್ಷ ನನ್ನ ಮೇಲೆ ಪತ್ತೇದಾರಿ ಕೆಲಸ ಮಾಡಿದ್ಯಾ?" ಎಂದು ಗಂಡ ರಾಜದ್ರೋಹ ಬಯಲಾದವನಂತೆ ಹಿಂದೆ ಸರಿದ.

"ನಿಮ್ಮ ಹೆಸರು ಹಾಕಿಲ್ಲ. 'ನಟ ಏಳು' ಅಂತ ಹಾಕಿದ್ದೀನಿ."

"ನಟ ಎರಡಕ್ಕೆ ಎಷ್ಟು?"

"ಮುನ್ನೂರ ಚಿಲ್ಲರೆ."

"ಅವನೂ ದೊಡ್ಡ ಪಾತ್ರ ಮಾಡಿದ್ರೆ ಗೊತ್ತಾಗ್ತಿತ್ತು," ಎಂದು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಯಾಕೆ ಮಾತು ಬಿಟ್ಟಿದ್ದೆನೆಂಬುದೇ ಮರೆತುಹೋಗಿ ಕಾಫಿ ಕೇಳಿದ.

ಕೆಲಸಕ್ಕೆಂದು ಅವಳು ಇಪ್ಪತ್ತೇಳು ಕಂಪನಿಗಳಿಗೆ ಬರೆದಳು. ಇಪ್ಪತ್ತಾರು ಕಡೆಯಿಂದ ಒಂದೇ ಅಚ್ಚಿನ ವಿಷಾದ ಬಂತು. ಇಪ್ಪತ್ತೇಳನೆಯವರು ಸಂದರ್ಶನಕ್ಕೆ ಕರೆದರು. ಕಂಪನಿಯ ಮುಖ್ಯಸ್ಥ ತೆಳ್ಳಗಿನ, ಇಸ್ತ್ರಿ ಮುರಿಯದ ಮನುಷ್ಯ. ನಾಣ್ಯ ಚಿಮ್ಮಿದರೆ ಏನು, ಚೀಲದಿಂದ ಚೆಂಡು ತೆಗೆದರೆ ಏನು ಎಂದೆಲ್ಲ ಕೇಳಿದ. ಸೌಟಿನ ಸದ್ದು ಕಿವಿಯಲ್ಲಿದ್ದುದರಿಂದ ಅವಳು ಎಲ್ಲಕ್ಕೂ ಉತ್ತರ ಹೇಳಿದಳು.

"ಇಲ್ಲಿವರೆಗೂ ಏನು ಮಾಡ್ತಿದ್ರಿ?"

"ಬೇರೆಯವರು ತಪ್ಪು ಮಾಡೋದನ್ನ ಕಾಯ್ತಿದ್ದೆ."

"ನಾವಿಲ್ಲಿ ಅದಕ್ಕೇ ಹಣ ಕೊಡೋದು," ಎಂದು ಮುಖ್ಯಸ್ಥ ಜೀವನದಲ್ಲಿ ಮೊದಲ ಸಲ ನಕ್ಕವನಂತೆ ನಕ್ಕ. ಆರು ತಿಂಗಳ ಮಟ್ಟಿಗೆ, ಎಲ್ಲರಿಗಿಂತ ಕೆಳಗಿನ ದರ್ಜೆಯಲ್ಲಿ, ಕೆಲಸವಾಯಿತು.

ಒಂಬತ್ತನೆಯ ಮಹಡಿಯ ಆ ಕಚೇರಿ ಅವಳಿಗೆ ಒಂದೇ ದಿನಕ್ಕೆ ಹಿಡಿಸಿತು. ನೆಲಕ್ಕೆ ದಪ್ಪ ಜಮಖಾನೆ, ಒಬ್ಬೊಬ್ಬರಿಗೆ ಮೂರು ಮೂರು ಪರದೆ. ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಇಷ್ಟು ವರ್ಷ ಅವಳೊಬ್ಬಳ ಕಸುಬಾಗಿದ್ದುದು ಇಲ್ಲಿ ಇಡೀ ಮಹಡಿಯ ಭಾಷೆ. ತೊಂದರೆ ಬಂದದ್ದು ಅವಳ ನಾಲಿಗೆಯಿಂದ. ಯಾರಾದರೂ ವಾಕ್ಯದ ನಡುವೆ ನಿಂತರೆ ಅದು ತಾನಾಗಿಯೇ ಮಾತು ಎತ್ತಿಕೊಡುತ್ತಿತ್ತು. ಲಿಫ್ಟಿನಲ್ಲಿ ಅಪರಿಚಿತನೊಬ್ಬ ಫೋನಿನಲ್ಲಿ "ನಾನು ನಿನಗೆ ಹೇಳಬೇಕು ಅಂತ ಇದ್ದದ್ದು..." ಎಂದು ತಡೆದಾಗ ಇವಳು "ಕ್ಷಮಿಸು" ಎಂದುಬಿಟ್ಟಳು. ಅವನು ಬೆಚ್ಚಿಬಿದ್ದು, "ಕ್ಷಮಿಸು," ಎಂದು ಫೋನಿಗೆ ಹೇಳಿ, ಇವಳ ಕಡೆ ಕೈಮುಗಿದು ಇಳಿದುಹೋದ.

ಎಲ್ಲ ಸಲವೂ ಹೀಗೆ ಸುಖಾಂತವಾಗಲಿಲ್ಲ. ಒಂದು ಸಭೆಯಲ್ಲಿ ಮುಖ್ಯಸ್ಥ ಎದ್ದು ನಿಂತು, "ಈ ಮೂರು ತಿಂಗಳಲ್ಲಿ ನಮ್ಮ ಲಾಭ..." ಎಂದು ಕೇಳುಗರ ಕುತೂಹಲ ಕೆರಳಿಸಲೆಂದು ಬೇಕಂತಲೇ ನಿಲ್ಲಿಸಿದ. ಅವಳ ಕಣ್ಣು ಗೋಡೆಯ ಮೇಲಿನ ನಕ್ಷೆಯಲ್ಲಿತ್ತು. "ಕುಸಿದಿದೆ," ಎಂದು ಮೆಲ್ಲಗೆ ಎತ್ತಿಕೊಟ್ಟಳು. ವೇದಿಕೆಯ ಕೊನೆಗೆ ಮುಟ್ಟುವ ದನಿ. ಮೇಜಿನ ಸುತ್ತ ಕೂತಿದ್ದ ಹದಿನಾಲ್ಕು ಜನಕ್ಕೂ ಸ್ಫುಟವಾಗಿ ಕೇಳಿತು. ಅವಳನ್ನು ಮುಂದಿನ ಸಭೆಗಳಲ್ಲಿ ಬಾಗಿಲ ಪಕ್ಕಕ್ಕೆ ಕೂರಿಸಿದರು.

ಕಚೇರಿಯ ಕಣ್ಮಣಿ ಎಂದರೆ ಡಾಕ್ಟರ್. ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದವನು, ಮೂವತ್ತೆರಡರ ವಯಸ್ಸು, ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡುವವನು. ಅವನ ತಾಯಿ ಇಂದಿಗೂ ಅವನಿಗೆ ತಮ್ಮ ಸೊಂಟನೋವಿನ ವಿವರ ಬರೆದು ಕಳಿಸುತ್ತಿದ್ದರು. ಎರಡು ವರ್ಷ ಕೂತು ಅವನೊಂದು ಮಾದರಿ ಕಟ್ಟಿದ್ದ. ಷೇರುಪೇಟೆ ಇವತ್ತು ಏರುತ್ತದೋ ಇಳಿಯುತ್ತದೋ ಎಂದು ಅದು ದಿನಾ ಬೆಳಗ್ಗೆ ಒಂಬತ್ತಕ್ಕೆ ಹೇಳುತ್ತದೆ. ಕಳೆದ ಹನ್ನೆರಡು ವರ್ಷದ ಮಾಹಿತಿ ಕೊಟ್ಟು ಪರೀಕ್ಷಿಸಿದರೆ ನೂರಕ್ಕೆ ತೊಂಬತ್ತೇಳು ದಿನ ಸರಿ! ಉಳಿದ ಮೂರು ದಿನವನ್ನು ದೃಷ್ಟಿಬೊಟ್ಟು ಎಂದು ಭಾವಿಸಿ, ಎಲ್ಲರೂ ಅದನ್ನು 'ಎಂದೂ ತಪ್ಪದ ಮಾದರಿ' ಎಂದೇ ಕರೆಯುತ್ತಿದ್ದರು.

ಮುಂದಿನ ಗುರುವಾರ ಸಂಜೆ ಒಂದು ಹೋಟೆಲಿನ ಸಭಾಂಗಣದಲ್ಲಿ ಮೂವತ್ತೆರಡು ಮಂದಿ ದೊಡ್ಡ ಹೂಡಿಕೆದಾರರಿಗೆ ಅದನ್ನು ತೋರಿಸುವುದೆಂದು ಗೊತ್ತಾಗಿತ್ತು. ಡಾಕ್ಟರ್ ಮಾತಾಡಿದರೆ ಜನಕ್ಕೆ ಅವನ ಬೆನ್ನಷ್ಟೇ ಕಾಣುತ್ತದೆಂದು ಮುಖ್ಯಸ್ಥ, "ಯಾರಾದ್ರೂ ಒಳ್ಳೇ ದನಿ ಇರೋರು ಗೊತ್ತಾ?" ಎಂದು ಕೇಳಿದ್ದ. ಪಿಸುಮಾತಕ್ಕ ತನ್ನ ಗಂಡನನ್ನು ಸೂಚಿಸಿದ್ದಳು. ಮೂರು ವಾರಗಳಿಂದ ಅವನು ಕನ್ನಡಿಯ ಮುಂದೆ ನಿಂತು ಭಾಷಣ ಉರುಹೊಡೆಯುತ್ತಿದ್ದ. "ಎಂದೂ ತಪ್ಪದ ಮಾದರಿ!" ಎಂದಾಗಲೆಲ್ಲ ಪಕ್ಕದ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು.

ಅವಳಿಗೆ ವಹಿಸಿದ್ದುದು ಬಣ್ಣಬಣ್ಣದ ನಕ್ಷೆ ಬರೆಯುವ ಕೆಲಸವಷ್ಟೇ. ಆದರೆ ಮಂಗಳವಾರ ಬೆಳಗ್ಗೆ ಅವಳು ಹಳೆಯ ಚಟಕ್ಕೆ ಬಿದ್ದು, ಮಾದರಿ ಸರಿ ಹೇಳಿದ ದಿನಗಳನ್ನು ಬಿಟ್ಟು ತಪ್ಪಿದ ದಿನಗಳನ್ನು ಪಟ್ಟಿ ಮಾಡಿದಳು. ಮಾಡುತ್ತಾ ಮಾಡುತ್ತಾ ಕೈ ನಿಧಾನವಾಯಿತು. ಏನೂ ಸುದ್ದಿಯಿಲ್ಲದ ಸಪ್ಪೆ ದಿನಗಳಲ್ಲಿ ಮಾದರಿ ಒಮ್ಮೊಮ್ಮೆ ತಪ್ಪಿತ್ತು. ಪೇಟೆ ಅಲ್ಲೋಲಕಲ್ಲೋಲವಾದ ದಿನಗಳಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಇದೆಂಥ ವಿಚಿತ್ರ? ಮನುಷ್ಯನಾಗಲಿ ಯಂತ್ರವಾಗಲಿ, ಬೆಚ್ಚಿಬಿದ್ದಾಗ ತೊದಲಬೇಕಲ್ಲ!

ರಂಗಮಂದಿರದಲ್ಲಿ ಒಬ್ಬ ಹಿರಿಯ ನಟರಿದ್ದರು. ಆನೆಯ ನೆನಪು ಎಂದು ಊರೆಲ್ಲ ಅವರನ್ನು ಹೊಗಳುತ್ತಿತ್ತು. ನಿಜವೇನೆಂದರೆ ಅವರಿಗೆ ಒಂದು ಸಾಲೂ ಬರುತ್ತಿರಲಿಲ್ಲ. ಇಡೀ ನಾಟಕವನ್ನು ಪಿಸುಮಾತಕ್ಕ ಅರ್ಧ ಉಸಿರು ಮುಂಚೆ ಹೇಳುತ್ತಿದ್ದಳು, ಅವರು ಕೇಳಿಸಿಕೊಂಡು ಹೇಳುತ್ತಿದ್ದರು. ಎದುರಿನ ನಟ ಎಷ್ಟೇ ಅಡ್ಡಾದಿಡ್ಡಿ ಹೋದರೂ ಅವರು ಎಡವುತ್ತಿರಲಿಲ್ಲ. ಕೇಳಿಸಿಕೊಂಡು ಹೇಳುವವನಿಗೆ ಎಡವಲು ಏನಿದೆ? ಪರದೆಯ ಮೇಲಿನ ಅಂಕಿಗಳನ್ನು ನೋಡುತ್ತಿದ್ದಂತೆ ಅವಳಿಗೆ ಆ ಹಿರಿಯರೇ ಕೂತು ನಕ್ಕಂತಾಯಿತು.

ಅವಳು ಒಂದು ದಿನವನ್ನು ಆರಿಸಿಕೊಂಡು ಡಾಕ್ಟರನ ಬಳಿ ಹೋದಳು.

"ಈ ಹಳೇ ಬುಧವಾರ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ತಾಮ್ರದ ಗಣೀಲಿ ಇದ್ದಕ್ಕಿದ್ದಂತೆ ಮುಷ್ಕರ ಶುರುವಾಯ್ತು. ತಾಮ್ರದ ಬೆಲೆ ಏರ್ತು, ಷೇರುಪೇಟೆ ಬಿತ್ತು. ನಿಮ್ಮ ಮಾದರಿ ಬೆಳಗ್ಗೆ ಒಂಬತ್ತಕ್ಕೇ 'ಬೀಳುತ್ತೆ' ಅಂದಿದೆ."

"ಸರಿಯಾಗೇ ಹೇಳಿದೆಯಲ್ಲ."

"ಅದೇ ತೊಂದರೆ. ಮುಷ್ಕರ ಮಾಡೋರಿಗೇ ಹನ್ನೆರಡರವರೆಗೂ ಗೊತ್ತಿರ್ಲಿಲ್ಲ. ಇದಕ್ಕೆ ಒಂಬತ್ತಕ್ಕೆ ಹೇಳಿದ್ದು ಯಾರು?"

ಡಾಕ್ಟರ್ ಬೋರ್ಡಿಗೆ ತಿರುಗಿ ನಲವತ್ತು ನಿಮಿಷ ವಿವರಿಸಿದ. ಸೂಕ್ಷ್ಮ ಸಂಕೇತಗಳು, ಅಡಗಿದ ಅಲೆಗಳು, ಕಣ್ಣಿಗೆ ಕಾಣದ ಸಂಬಂಧಗಳು. ಅವಳು ತಲೆಯಾಡಿಸುತ್ತಾ ಕೇಳಿದಳು. ಕೊನೆಗೆ, "ನಂಗೆ ಅರ್ಥ ಆಗ್ಲಿಲ್ಲ. ಆದ್ರೆ ಇದು ಯೋಚನೆ ಮಾಡ್ತಿಲ್ಲ, ಯಾರೋ ಹೇಳಿದ್ದನ್ನ ಕೇಳಿಸ್ಕೊಳ್ತಿದೆ," ಎಂದಳು.

"ನೀವು ನಾಟಕದಿಂದ ಬಂದವರಲ್ವಾ?" ಎಂದ ಡಾಕ್ಟರ್, ಪಾಪ, ಬಹಳ ಮೃದುವಾಗಿ.

ಆ ಮೃದುತ್ವ ಅವಳನ್ನು ಚುಚ್ಚಿತು. ಜಾಗಕ್ಕೆ ಮರಳಿ, ಮಾದರಿಗೆ ಉಣಿಸುವ ನಲವತ್ತು ಅಂಕಣಗಳನ್ನು ಒಂದೊಂದಾಗಿ ತೆರೆದಳು. ಹಾಜರಿ ಪುಸ್ತಕದಲ್ಲಿ ಹೆಸರಿಗಿಂತ ಮೊದಲು ತಾರೀಖು ನೋಡಬೇಕು ಎಂದು ಅಮ್ಮ ಹೇಳುತ್ತಿದ್ದಳು. ಸಂಜೆ ನಾಲ್ಕರ ಹೊತ್ತಿಗೆ ಮೂವತ್ತೊಂದನೆಯ ಅಂಕಣಕ್ಕೆ ಬಂದಳು: ದೂರದ ಪೇಟೆಯ ತಾಮ್ರದ ಬೆಲೆ. ಮುಷ್ಕರ ನಡೆದದ್ದು ಬುಧವಾರ. ಅಂಕಣದಲ್ಲಿ ಬೆಲೆ ಜಿಗಿದದ್ದು ಮಂಗಳವಾರ. ಮತ್ತೊಂದು ದಿನ ನೋಡಿದಳು, ಮತ್ತೊಂದು ನೋಡಿದಳು. ಮಾಹಿತಿ ಸೇರಿಸಿದ ಯಾರೋ ಆ ಊರಿನ ಗಡಿಯಾರವನ್ನು ಈ ಊರಿನದಕ್ಕೆ ಹೊಂದಿಸಲು ಹೋಗಿ, ಹನ್ನೆರಡು ವರ್ಷದ ಬೆಲೆಗಳಿಗೂ ಒಂದು ದಿನ ಹಿಂದಿನ ತಾರೀಖು ಹಾಕಿದ್ದರು. ಮಾದರಿ ಪ್ರತಿದಿನ ಬೆಳಗ್ಗೆ 'ನಿನ್ನೆಯ ಬೆಲೆ' ಎಂದು ಓದುತ್ತಿದ್ದುದು ಆವತ್ತಿನ ಸಂಜೆಯ ಬೆಲೆ. ಉತ್ತರಪತ್ರಿಕೆ ಬಚ್ಚಿಟ್ಟುಕೊಂಡು ಪರೀಕ್ಷೆಗೆ ಕೂತ ಜಾಣ ಅದು.

ಮರುದಿನ, ಬುಧವಾರ ಬೆಳಗ್ಗೆ, ಅವಳು ತೋರಿಸಿದ ಮೇಲೆ ಡಾಕ್ಟರ್ ಆ ಅಂಕಣವನ್ನು ಒಂದೇ ಒಂದು ದಿನ ಮುಂದಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿದ. ನಕ್ಷೆಯಲ್ಲಿ ಏಣಿಯಂತೆ ಏರುತ್ತಿದ್ದ ಗೆರೆ ಸೊಂಟ ಮುರಿದುಕೊಂಡು ನೆಲಕ್ಕೆ ಬಿತ್ತು. ನೂರಕ್ಕೆ ತೊಂಬತ್ತೇಳು ಇದ್ದದ್ದು ಐವತ್ತೊಂದಾಯಿತು.

"ಅಂದ್ರೆ ನಾನು..." ಎಂದು ಅವನು ತಡೆದ. ಅವಳು ಏನೂ ಎತ್ತಿಕೊಡಲಿಲ್ಲ. ಆಮೇಲೆ ಅವನು ಜೀವಮಾನದಲ್ಲಿ ಮೊದಲ ಸಲ ಬೋರ್ಡಿಗೆ ಬೆನ್ನು ಹಾಕಿ ನಿಂತು, "ಎರಡು ವರ್ಷ," ಎಂದ. "ನಮ್ಮಮ್ಮ ಎಲ್ಲರಿಗೂ ಹೇಳ್ಬಿಟ್ಟಿದ್ದಾರೆ."

ಇಬ್ಬರೂ ಕೂಡಿ ಮುಖ್ಯಸ್ಥನ ಕೋಣೆಗೆ ಹೋದರು. ಪೂರ್ತಿ ಕೇಳಿದ ಮೇಲೆ ಅವನ ಅಂಗಿಯ ಇಸ್ತ್ರಿಯೂ ಬಾಡಿದಂತೆ ಕಂಡಿತು.

"ಮೂವತ್ತೆರಡು ಜನ ಬರ್ತಿದ್ದಾರೆ. ನಾಳೆ. ನಾಲ್ಕು ಗಂಟೆಗೆ." ಮೇಜಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಇಟ್ಟ, ಓರೆ ಮಾಡಿದ, ಮತ್ತೆ ನೆಟ್ಟಗೆ ಇಟ್ಟ. "ಸದ್ಯಕ್ಕೆ ಯಾರಿಗೂ ಹೇಳ್ದೇ ಇದ್ರೆ..."

ಇಬ್ಬರೂ ಅವನ ಮುಖ ನೋಡಿದರು.

"ಇಲ್ಲ, ಇಲ್ಲ. ಆಗಲ್ಲ. ಹೂಡಿಕೆದಾರರಲ್ಲಿ ನಮ್ಮತ್ತೇನೂ ಇದ್ದಾರೆ," ಎಂದು ಅವನು ನಿಟ್ಟುಸಿರು ಬಿಟ್ಟ. ಆ ಮನುಷ್ಯನ ಪ್ರಾಮಾಣಿಕತೆಗೆ ಅದೊಂದೇ ಕಾರಣವಲ್ಲ. ಆದರೆ ಅದು ದೊಡ್ಡ ಕಾರಣ.

ಹೊಸ ಭಾಷಣ ಬರೆದು ಮುಗಿಸುವಷ್ಟರಲ್ಲಿ ಗುರುವಾರ ಮಧ್ಯಾಹ್ನವಾಯಿತು. 'ಪರೀಕ್ಷೆಯಲ್ಲಿ ದೋಷ ಕಂಡುಬಂದಿದೆ, ಮಾದರಿಯನ್ನು ಹಿಂತೆಗೆದುಕೊಂಡಿದ್ದೇವೆ' ಎಂಬುದು ಅದರ ಸಾರ. ಗಂಡನಿಗೆ ಅದನ್ನು ಬಾಯಿಪಾಠ ಮಾಡಲು ಸಿಕ್ಕಿದ್ದು ಮೂರು ಗಂಟೆ. ಹಳೆಯದು ಮೂರು ವಾರದಿಂದ ರಕ್ತಕ್ಕಿಳಿದಿತ್ತು.

"ಹಳೇದನ್ನ ಮರೆತುಬಿಡಿ ಸಾಕು," ಎಂದಳು ಪಿಸುಮಾತಕ್ಕ.

"ಮರೆಯೋದು ನನಗೆ ಹೇಳ್ಕೊಡ್ತೀಯಾ?" ಎಂದು ಅವನು ಎದೆಯುಬ್ಬಿಸಿದ.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತು. ಮೊದಲ ಸಾಲಿನ ನಡುವೆ ಮುಖ್ಯಸ್ಥನ ಅತ್ತೆ, ಎಂಬತ್ತು ದಾಟಿದ ಹೆಂಗಸು, ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಪಿಸುಮಾತಕ್ಕ ಕುರ್ಚಿಯಲ್ಲಿ ಕೂರಬೇಕೆಂದೇ ಹೊರಟವಳು. ಕಾಲು ತಾನಾಗಿ ವೇದಿಕೆಯ ಪಕ್ಕದ ಪರದೆಯ ಹಿಂದಕ್ಕೆ ಕರೆದೊಯ್ದಿತು. ಅಲ್ಲಿ ಡಾಕ್ಟರ್ ನೆಲದ ಮೇಲೆ ಮಂಡಿ ತಬ್ಬಿಕೊಂಡು ಕೂತಿದ್ದ.

ಗಂಡ ವೇದಿಕೆಗೆ ಬಂದ. ದೀಪ ಮುಖಕ್ಕೆ ಬಿತ್ತು. ಮೂವತ್ತೆರಡು ಮುಖಗಳು ಕಂಡವು. ಅಷ್ಟೇ ಸಾಕಾಯಿತು.

"ಮಹನೀಯರೇ! ಮಹಿಳೆಯರೇ! ಹನ್ನೆರಡು ವರ್ಷ! ಮೂರು ಸಾವಿರ ದಿನ! ಇದೋ ನಿಮ್ಮ ಮುಂದೆ... ಎಂದೂ ತಪ್ಪದ ಮಾದರಿ!"

ಡಾಕ್ಟರ್ ಮಂಡಿಯ ನಡುವೆ ತಲೆ ಹುದುಗಿಸಿದ. ಮುಖ್ಯಸ್ಥ ಕುರ್ಚಿಯಿಂದ ಅರ್ಧ ಎದ್ದು, ಅತ್ತೆಯ ಊರುಗೋಲು ಅಡ್ಡ ಸಿಕ್ಕಿ, ಹಾಗೇ ನಿಂತ. ಗಂಡನಿಗೂ ಎಡವಟ್ಟಾದದ್ದು ತಿಳಿಯಿತು. ಅವನ ಹಿಮ್ಮಡಿ ಕೂದಲೆಳೆಯಷ್ಟು ಮೇಲೆದ್ದಿತು.

"ಎಂದು ನಾವು ನಂಬಿದ್ದೆವು," ಎಂದಳು ಪಿಸುಮಾತಕ್ಕ, ಪರದೆಯ ಹಿಂದಿನಿಂದ.

"ಎಂದು ನಾವು ನಂಬಿದ್ದೆವು!"

"ನಂಬಿದ್ದು ತಪ್ಪು."

"ನಂಬಿದ್ದು... ತಪ್ಪು!" ರಾಜನ ಹಾಲಿಗೆ ವಿಷ ಬೆರೆಸುವ ದೃಶ್ಯಕ್ಕೆಂದು ಅವನು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡಿದ್ದ ದನಿಯದು. ಹಿಂದಿನ ಸಾಲಿನಲ್ಲಿ ಯಾರದೋ ಕೈಯಿಂದ ಚಮಚ ಬಿತ್ತು.

ಬರೆದ ಭಾಷಣ ಇಬ್ಬರ ತಲೆಯಲ್ಲೂ ಇರಲಿಲ್ಲ. ಅವಳು ತನಗೆ ತಿಳಿದಂತೆ ಹೇಳುತ್ತಾ ಹೋದಳು, ಅವನು ಹೇಳುತ್ತಾ ಹೋದ. ಮಧ್ಯಾಹ್ನದ ಮುಷ್ಕರ ಬೆಳಗ್ಗೆಯೇ ಗೊತ್ತಿದ್ದದ್ದು, ತಾಮ್ರದ ಬೆಲೆಗೆ ಹಿಂದಿನ ತಾರೀಖು ಬಿದ್ದದ್ದು, ಏಣಿ ನೆಲಕ್ಕೆ ಬಂದದ್ದು. "ನಿಮ್ಮ ಹಣ ಇದಕ್ಕೆ ಕೊಡಬೇಡಿ," ಎಂದು ಅವನು ಕೊನೆಗೆ ಕೈಚಾಚಿದಾಗ ಕೊಲೆ ಒಪ್ಪಿಕೊಂಡ ಸೇನಾಪತಿಯ ಘನತೆಯಿತ್ತು. ಆಮೇಲೆ ಚಪ್ಪಾಳೆ ಬಿತ್ತು. ಮೊದಲು ಒಬ್ಬಿಬ್ಬರು, ಆಮೇಲೆ ಎಲ್ಲರೂ, ತಾವು ಚಪ್ಪಾಳೆ ಹೊಡೆಯುತ್ತಿರುವುದು ಯಾತಕ್ಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಾ.

ಚಪ್ಪಾಳೆ ನಿಂತಿತು. ಈಗ ಅವನು ಹೇಳಬೇಕಾಗಿದ್ದುದು "ಧನ್ಯವಾದ" ಎಂಬ ಒಂದೇ ಮಾತು. ಅದು ಮರೆತುಹೋಯಿತು.

ಅಷ್ಟರಲ್ಲಿ ಮುಖ್ಯಸ್ಥನ ಅತ್ತೆ ಊರುಗೋಲು ಕುಟ್ಟಿದರು. "ಈ ತಪ್ಪು ಹಿಡಿದಿದ್ದು ಯಾರು?"

"ನನ್ನ ಹೆಂಡತಿ," ಎಂದ ಅವನು ಪರದೆಯ ಕಡೆ ಕೈತೋರಿಸಿ, ಯಾರೂ ಎತ್ತಿಕೊಡದೆ, ಒಂದಿಷ್ಟೂ ತಡವರಿಸದೆ.

ಅವಳು ಹೊರಗೆ ಬರಲೇಬೇಕಾಯಿತು. ಇಷ್ಟು ವರ್ಷದಲ್ಲಿ ವೇದಿಕೆಯ ಬೆಳಕು ಮುಖಕ್ಕೆ ಬಿದ್ದದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ಗಂಡನ ಕೋಟಿನ ತುದಿ ಹಿಡಿದುಕೊಂಡಳು.

"ಹಣ ಮುಳುಗಿದ್ಮೇಲೆ ಬಂದು ತಪ್ಪಾಯ್ತು ಅನ್ನೋರನ್ನ ಬೇಕಾದಷ್ಟು ನೋಡಿದ್ದೀನಿ," ಎಂದರು ಮುದುಕಿ. "ಮುಳುಗೋ ಮುಂಚೆ ಹೇಳಿದೋರು ನೀವೇ ಮೊದಲು." ಆಮೇಲೆ ಅಳಿಯನ ಕಡೆ ತಿರುಗಿ, "ಕೂತ್ಕೊಳಿ. ಯಾಕೆ ಬಗ್ಗಿ ನಿಂತಿದ್ದೀರಿ?" ಎಂದರು.

ಮೂವತ್ತೆರಡರಲ್ಲಿ ಐದು ಮಂದಿ ತಮ್ಮ ಹಣ ಹಿಂತೆಗೆದುಕೊಂಡು ಹೋದರು. ಉಳಿದವರು ಕಾದು ನೋಡುತ್ತೇವೆ ಎಂದರು. ಆ ವ್ಯವಹಾರದಲ್ಲಿ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಡಾಕ್ಟರ್ ಒಂದು ವಾರ ರಜೆ ಹಾಕಿ ತಾಯಿಯ ಮನೆಗೆ ಹೋಗಿ, ಅವರ ಸೊಂಟವನ್ನು ನಿಜವಾದ ವೈದ್ಯರಿಗೆ ತೋರಿಸಿ ಬಂದ. ಬಂದವನು ಹೊಸ ಮಾದರಿ ಶುರುಮಾಡಿ, ಪ್ರತಿ ಅಂಕಣವನ್ನೂ ಮೊದಲು ಪಿಸುಮಾತಕ್ಕನ ಮೇಜಿಗೆ ತಂದಿಡತೊಡಗಿದ. ಆರು ತಿಂಗಳು ಕಳೆದ ಮೇಲೆ ಅವಳ ಕೆಲಸ ಖಾಯಂ ಆಯಿತು. ಹೊಸ ಮಾದರಿ ನೂರಕ್ಕೆ ಐವತ್ಮೂರು ದಿನ ಸರಿ ಹೇಳುತ್ತಿತ್ತು. ಆ ವ್ಯಾಪಾರದಲ್ಲಿ ಅದು ಒಳ್ಳೆಯ ಅಂಕವೇ ಎಂದು ಅವಳು ಅಮ್ಮನಿಗೆ ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ.

"ಐವತ್ಮೂರಾ? ನನ್ನ ತರಗತೀಲಿ ಅದಕ್ಕೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

ಎಲ್ಲರಿಗಿಂತ ಹೆಚ್ಚು ಬದಲಾದದ್ದು ಗಂಡನ ಬದುಕು. ಆವತ್ತು ಸಭಾಂಗಣದಲ್ಲಿದ್ದವರಲ್ಲಿ ಒಬ್ಬರಿಗೆ ಫೋನ್ ಕಂಪನಿಯೊಂದಿತ್ತು. ದರ ಏರಿಸುವ ಸುದ್ದಿಯನ್ನು ಗ್ರಾಹಕರಿಗೆ ಹೇಳಲು ಅವರು ಇವನನ್ನು ಕರೆದರು. ಆಮೇಲೆ ಒಂದು ಮನೆ ಕಟ್ಟುವ ಕಂಪನಿ ಬಂತು. ಮನೆ ಇನ್ನೂ ಎರಡು ವರ್ಷ ತಡವಾಗುತ್ತದೆ ಎಂದು ಮುನ್ನೂರು ಮಂದಿಗೆ ಹೇಳಬೇಕಿತ್ತು. ಕೆಟ್ಟ ಸುದ್ದಿಯನ್ನು ಇಷ್ಟು ಗಂಭೀರವಾಗಿ ಹೇಳುವವರು ಊರಿನಲ್ಲಿ ಇನ್ನೊಬ್ಬರಿಲ್ಲವೆಂದು ಹೆಸರಾಯಿತು. ನಾಟಕಕ್ಕಿಂತ ಅದರಲ್ಲೇ ಬೇಡಿಕೆ ಹೆಚ್ಚಾಯಿತು.

ಮನೆ ಕಟ್ಟುವವರ ಸಭೆ ಇದ್ದದ್ದು ಸೋಮವಾರ ಬೆಳಗ್ಗೆ. ಆ ಹೊತ್ತಿಗೆ ಅವಳಿಗೆ ಕಚೇರಿ. ಮದುವೆಯಾದ ಮೇಲೆ ಮೊದಲ ಬಾರಿ ಅವನು ಒಬ್ಬನೇ ವೇದಿಕೆ ಹತ್ತಬೇಕಾಗಿತ್ತು, ಕಿವಿಗೆ ಗುಂಡಿಯೂ ಇಲ್ಲದೆ. ಅವಳಿಗೆ ಬೆಳಗಿನಿಂದ ಅಂಕಿಗಳ ಮೇಲೆ ಕಣ್ಣು ನಿಲ್ಲಲಿಲ್ಲ. ಹನ್ನೊಂದೂವರೆಗೆ ಫೋನು ಬಂತು. ಅವಳು ಕಾರಿಡಾರಿಗೆ ಓಡಿದಳು.

"ಹೇಗಾಯ್ತು?"

"ಎರಡು ಕಡೆ ಮರೆತೆ," ಎಂದ ಗಂಡ. ದನಿಯಲ್ಲಿ ಅಂಥದೇನೂ ದುಃಖವಿರಲಿಲ್ಲ. "ಒಂದು ಕಡೆ ಪೂರ್ತಿ ನಿಂತೇಬಿಟ್ಟೆ. ಹತ್ತು ಎಣಿಸೋವಷ್ಟು ಹೊತ್ತು."

"ಅಯ್ಯೋ! ಆಮೇಲೆ?"

"ಮುಂದಿನ ಸಾಲಲ್ಲಿ ಒಬ್ಬರು ಎದ್ದು ಬಂದು ನೀರು ಕೊಟ್ರು. ಭುಜ ತಟ್ಟಿದ್ರು. ಕೆಟ್ಟ ಸುದ್ದಿ ಹೇಳೋವಾಗ ಮಾತು ಮರೆತ್ರೆ ಕಣೇ, ಜನ ಅದನ್ನ ಸಂಕಟ ಅಂದ್ಕೋತಾರೆ. ಇನ್ನೊಂದು ಸಲ ಮರೀಬೇಕಿತ್ತು ಅನ್ನಿಸ್ತು."